ಗಿಟಾರ್ ಕಛೇರಿಯಾ, ಆಂಬಿಯೆಂಟ್ ರೆಕಾರ್ಡಿಂಗಾ?

ಹಾಸನದಲ್ಲಿ ಪ್ರಯೋಗದ ಗಿಟಾರ್ ಕಛೇರಿ ಸಿಗುವುದು ಅಪರೂಪ. ಸುಮಾರು 185 ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕು. ಟಿಕೆಟ್, ಬಸ್ಸು, ರಾತ್ರಿ ರೂಮು ಎಲ್ಲ ಸೇರಿದರೆ ಆ ದುಡ್ಡಿಗೆ ಒಂದು ಒಳ್ಳೆ ಹೆಡ್‌ಫೋನೇ ಬರುತ್ತದೆ, ಮನೆಯಲ್ಲೇ ಆಂಬಿಯೆಂಟ್, ಅಂದರೆ ಹಿನ್ನೆಲೆಯಲ್ಲಿ ಮೆಲ್ಲಗೆ ಹರಿಯುವ ಸಂಗೀತದ ರೆಕಾರ್ಡಿಂಗ್ ಕೇಳಬಹುದು, ಅಲ್ವಾ?

ಆದರೂ ಕಛೇರಿಯಲ್ಲಿ ಶಬ್ದ ಹುಟ್ಟುವುದನ್ನು ಕಣ್ಣಾರೆ ನೋಡಬಹುದು. 1970ರ ದಶಕದಲ್ಲಿ ಇಂಗ್ಲೆಂಡಿನ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಎರಡು ಟೇಪ್ ರೆಕಾರ್ಡರ್ ಜೋಡಿಸಿಕೊಂಡು ನುಡಿಸುತ್ತಿದ್ದರು. ಮೊದಲನೆಯದರಲ್ಲಿ ದಾಖಲಾದ ಸ್ವರ ಕೆಲವು ಸೆಕೆಂಡಿನ ಮೇಲೆ ಎರಡನೆಯದರಲ್ಲಿ ಕೇಳುತ್ತಿತ್ತು. ಅದು ಮತ್ತೆ ಮೊದಲನೆಯದಕ್ಕೆ ಹೋಗಿ ಹೊಸ ಸ್ವರದ ಜೊತೆ ಸೇರುತ್ತಿತ್ತು. ಒಂದೇ ಗಿಟಾರು, ಪದರದ ಮೇಲೆ ಪದರ. ಈಗ ಈ ಕೆಲಸಕ್ಕೆ ಕಾಲಡಿಯ ಲೂಪ್ ಪೆಡಲ್ ಸಾಕು. ಒಂದು ಸ್ವರ ತಪ್ಪಿದರೆ ಅದೂ ಸುತ್ತುತ್ತಲೇ ಇರುತ್ತದೆ. ಕಲಾವಿದರು ಅದನ್ನು ಹೇಗೆ ಸಂಭಾಳಿಸುತ್ತಾರೆ ಅನ್ನೋದೇ ಮಜಾ. ಅರ್ಧ ಗಂಟೆ ಸುಮ್ನೆ ಗುಂಯ್‌ಗುಡುವ ರಾತ್ರಿಗಳೂ ಇರುತ್ತವೆ. ಆಗ ಆಕಳಿಕೆ ತಡೆಯೋದು ಕಷ್ಟ.

ರೆಕಾರ್ಡಿಂಗ್‌ಗೆ ಆ ಹಂಗಿಲ್ಲ. ಇಂಗ್ಲೆಂಡಿನ ಆಂಬಿಯೆಂಟ್ ಸಂಗೀತಗಾರ ಬ್ರಯಾನ್ ಈನೋ 1978ರಲ್ಲೇ ಹೇಳಿದ್ದರು: ಇಂಥ ಸಂಗೀತವನ್ನು ಕಿವಿಗೊಟ್ಟು ಕೇಳಬಹುದು, ಕೇಳದೆಯೂ ಇರಬಹುದು. ಓದುವಾಗ, ಅಡುಗೆ ಮಾಡುವಾಗ ಹಾಕಿಕೊಳ್ಳಿ. ಸಕಲೇಶಪುರದ ಕಡೆಯವರಾದರೆ ಸ್ಪೀಕರ್ ಬೇಡ. ಜುಲೈ ಮಳೆ ಹೆಂಚಿನ ಮೇಲೆ ಬಡಿಯುವಾಗ ಮೆಲ್ಲಗಿನ ಸ್ವರಗಳು ಕೇಳುವುದೇ ಇಲ್ಲ.

ಇಂಥದ್ದನ್ನು ಯಾವತ್ತೂ ಕೇಳದವರು ಮೊದಲು ಹೆಡ್‌ಫೋನ್‌ಗೆ ದುಡ್ಡು ಹಾಕಿ. ಇಪ್ಪತ್ತು ನಿಮಿಷದ ಒಂದು ಟ್ರ್ಯಾಕ್ ಬೇಸರವಿಲ್ಲದೆ ಮುಗಿದರೆ ಬೆಂಗಳೂರಿನ ಬಸ್ಸು ಹತ್ತಿ. ಗಿಟಾರ್ ನುಡಿಸುವವರ ಮಾತು ಬೇರೆ. ಅವರು ಕಛೇರಿಗೇ ಹೋಗಲಿ, ಕಲಾವಿದರ ಕಾಲು ಕಾಣುವ ಸೀಟು ಹಿಡಿಯಲಿ.