ಇಬ್ಬರು ಬಸಪ್ಪಂದಿರು: ಚಂದಾ ಜಾಲತಾಣವೋ, ಹೆಳವರ ಪಟ್ಟಿಯೋ, ಜಮೀನಿನ ಪತ್ರವೋ?

ಮನೆಯ ವಂಶಾವಳಿಯಲ್ಲಿ ಒಂದೇ ಹೆಸರಿನ ಇಬ್ಬರು ಹಿರಿಯರನ್ನು ಬೇರೆ ಮಾಡಿ ಗುರುತಿಸಲು ಯಾವುದು ನೆರವಾಗುತ್ತದೆ ಎಂದರೆ, ನನ್ನ ಓಟು ಜಮೀನಿನ ಹಳೆಯ ಪತ್ರಗಳಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ವರ್ಷದ ಚಂದಾ ಕಟ್ಟಿ, ಅದನ್ನು ಕಳೆದುಕೊಂಡ ಮೇಲೆ ಬಂದ ತೀರ್ಮಾನ ಇದು.

ನಮ್ಮದು ತುಮಕೂರು ಕಡೆಯ ಬೇಸಾಯದ ಮನೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ತಪ್ಪದ ಪದ್ಧತಿ. ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಮತ್ತೆ ಬಸಪ್ಪ (ಹೆಸರುಗಳನ್ನು ಬದಲಿಸಿ ಬರೆದಿದ್ದೇನೆ). ಕೆರೆ ಹಿಂದಿನ ಗದ್ದೆ ಕೊಂಡ ಬಸಪ್ಪ ಯಾರು, ಬರದಲ್ಲಿ ತೀರಿಕೊಂಡ ಬಸಪ್ಪ ಯಾರು ಎಂದು ಕೇಳಿದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಮೊದಲು ಕೈಹಾಕಿದ್ದು ಹೊರದೇಶದ ಒಂದು ವಂಶವೃಕ್ಷ ಜಾಲತಾಣಕ್ಕೆ. ಅಲ್ಲಿ ಮನೆತನದ ಹೆಸರು ಕಡ್ಡಾಯ. ನಮಗೆ ಅಂಥದ್ದೊಂದು ಇಲ್ಲ, ಊರಿನ ಹೆಸರು ಮತ್ತು ಅಪ್ಪನ ಹೆಸರಿನ ಇನಿಷಿಯಲ್ ಅಷ್ಟೇ. ಹಾಗಾಗಿ ಆ ಜಾಗದಲ್ಲಿ ಅಪ್ಪನ ಹೆಸರನ್ನೇ ತುಂಬಿದೆ. ‘ಹೊಂದಾಣಿಕೆ ಸಿಕ್ಕಿದೆ’ ಎಂದು ಬಂತು, ಖುಷಿಯಲ್ಲಿ ಒಪ್ಪಿಗೆ ಒತ್ತಿದೆ. ಇಬ್ಬರೂ ಬಸಪ್ಪಂದಿರು ಒಬ್ಬರಾಗಿಬಿಟ್ಟರು. ಮೊದಲ ಮಗು 1858ರಲ್ಲಿ, ಕೊನೆಯದು 1925ರಲ್ಲಿ! ಬಿಡಿಸಿ ಸರಿಮಾಡಲು ಮೂರು ಸಂಜೆ ಹಿಡಿಯಿತು. ಚಂದಾ ಮುಗಿದ ಮೇಲೆ ಮತ್ತೆ ಕಟ್ಟಲಿಲ್ಲ.

ಆಮೇಲೆ ಹೆಳವರು. ಸುಗ್ಗಿ ಮುಗಿದ ಮೇಲೆ ಊರಿಗೆ ಬರುವ ಹೆಳವರು ನಮ್ಮಂಥ ಮನೆಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು. ದವಸ, ಬಟ್ಟೆ, ದಕ್ಷಿಣೆ ಕೊಟ್ಟು ಕೂರಿಸಿದರೆ ಮೂಲ ಯಾವ ಊರು, ಬೆಡಗು (ಕುಲದೊಳಗಿನ ಬಳಿ) ಯಾವುದು, ಯಾವ ಕವಲು ಎಲ್ಲಿಗೆ ವಲಸೆ ಹೋಯಿತು ಎಂದೆಲ್ಲ ಓದಿ ಹೇಳುತ್ತಾರೆ. ಕೇಳುತ್ತಾ ನನ್ನ ಕಣ್ಣು ತುಂಬಿತ್ತು. ‘ದೊಡ್ಡ ಬಸಪ್ಪ, ಸಣ್ಣ ಬಸಪ್ಪ’ ಎಂದು ಇಬ್ಬರನ್ನೂ ಬೇರೆ ಮಾಡಿ ಹೇಳಿದ್ದು ಅವರೇ. ಆದರೆ ನಮ್ಮ ಮನೆಯ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರಿಲ್ಲ, ಇಸವಿಯೂ ಇಲ್ಲ. ಇಬ್ಬರಿದ್ದರು ಎಂಬುದು ಖಚಿತವಾಯಿತು, ಯಾವ ಕೆಲಸ ಯಾರದ್ದು ಎಂಬುದು ಆಗಲಿಲ್ಲ.

ನಿಜವಾಗಿ ಕಾಡಿದ್ದು ಸಂವತ್ಸರ. ಮನೆಯ ಹಳೇ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಿತ್ತು: ಧಾತು ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಬಸಪ್ಪ ಲಿಂಗೈಕ್ಯ. ಧಾತು ಎಂದೊಡನೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವುದು ಧಾತು-ಈಶ್ವರದ ಬರ, 1876ರಿಂದ 78ರವರೆಗಿನ ಆ ಭೀಕರ ಕಾಲ. ಹಾಗಾದರೆ ತೀರಿಕೊಂಡದ್ದು ದೊಡ್ಡ ಬಸಪ್ಪ ಎಂದು ನಾನೂ ಬರೆದುಕೊಂಡೆ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ ಎಂಬುದು ಹೊಳೆದದ್ದು ತಿಂಗಳುಗಳ ನಂತರ. 1876ರ ಯುಗಾದಿಗೆ ಬಂದ ಧಾತು 1936ರ ಯುಗಾದಿಗೂ ಬಂದಿದೆ. ಅಜ್ಜ-ಮೊಮ್ಮಗನ ನಡುವಿನ ಅಂತರವೂ ಹೆಚ್ಚುಕಮ್ಮಿ ಅಷ್ಟೇ. ಹೆಸರೂ ಮರಳುತ್ತದೆ, ಸಂವತ್ಸರವೂ ಮರಳುತ್ತದೆ, ಎರಡೂ ಒಂದೇ ಗತಿಯಲ್ಲಿ! ಶಾಲಿವಾಹನ ಶಕದ ಅಂಕಿ ಬರೆದಿದ್ದರೆ 78 ಕೂಡಿಸಿದರೆ ಮುಗಿಯುತ್ತಿತ್ತು. ಆ ಸಾಲಿನಲ್ಲಿ ಅದಿರಲಿಲ್ಲ.

ಕೈಹಿಡಿದದ್ದು ವಾರ. ತಿಥಿ ಒಂದೇ ಆದರೂ 60 ವರ್ಷದ ಹಿಂದೆ-ಮುಂದೆ ವಾರವೂ ಅದೇ ಬೀಳಬೇಕೆಂದಿಲ್ಲ. ಹಳೆಯ ವರ್ಷಗಳ ಪಂಚಾಂಗ ಲೆಕ್ಕಹಾಕಿ ಎರಡೂ ಧಾತುಗಳಲ್ಲಿ ಆ ತಿಥಿ ಯಾವ ವಾರ ಬಿತ್ತೆಂದು ನೋಡಿದೆ. ಎರಡನೆಯದಕ್ಕೆ ಮಾತ್ರ ಹೊಂದಿತು. ಆ ಸಾಲು ಸಣ್ಣ ಬಸಪ್ಪನದು.

ಇನ್ನು ಪತ್ರಗಳು. ಹಳೇ ಮೈಸೂರಿನ ಕಾಗದಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಬರೆದು ಅಪ್ಪನ ಹೆಸರು, ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಬರೆದು ಗಂಡನ ಹೆಸರು. ಬಿನ್ ನೋಡಿದರೆ ಸಾಕೆಂದುಕೊಂಡಿದ್ದೆ. ಆದರೆ ದೊಡ್ಡವನೂ ಬಸಪ್ಪ ಬಿನ್ ಮಲ್ಲಪ್ಪ, ಸಣ್ಣವನೂ ಬಸಪ್ಪ ಬಿನ್ ಮಲ್ಲಪ್ಪ. ಒಂದು ಬಿಟ್ಟು ಒಂದು ತಲೆಮಾರಿಗೆ ಹೆಸರು ತಿರುಗುವ ಮನೆಯಲ್ಲಿ ಬಿನ್‌ನಿಂದ ಉಪಯೋಗವಿಲ್ಲ.

ದಾರಿ ತೋರಿಸಿದ್ದು ಕೋಂ. ತಗಡಿನ ಪೆಟ್ಟಿಗೆಯಲ್ಲಿ ಸಾಲ ತೀರಿಸಿ ಬಿಡಿಸಿಕೊಂಡ ಭೋಗ್ಯಪತ್ರವೊಂದಿತ್ತು (ಜಮೀನು ಅಡವಿಟ್ಟ ಪತ್ರ), 1879ರದ್ದು. ಬರೆದುಕೊಟ್ಟವಳು ಗೌರಮ್ಮ ಕೋಂ ಗತಿಸಿದ ಬಸಪ್ಪ, ಜೊತೆಗೆ ಮೈನರ್ ಮಗ ಮಲ್ಲಪ್ಪ. ಅಂದರೆ ದೊಡ್ಡ ಬಸಪ್ಪ ಅಷ್ಟರೊಳಗೆ ಇರಲಿಲ್ಲ. ಬರದಲ್ಲಿ ಹೋದವನು ಅವನೇ ಇರಬಹುದು. ಸಣ್ಣ ಬಸಪ್ಪನ ಹೆಂಡತಿ ಸಿದ್ದಮ್ಮ, ಅವಳ ಹೆಸರಿಗೆ ಖಾತೆ ಬದಲಾದದ್ದು 1937ರಲ್ಲಿ. ಗದ್ದೆಯ ಕ್ರಯಪತ್ರದ ಮೊದಲ ಹಾಳೆ ಹರಿದು ತಾರೀಖು ಹೋಗಿದೆ, ಆದರೆ ಚೆಕ್ಕುಬಂದಿಯಲ್ಲಿ, ಅಂದರೆ ಜಮೀನಿನ ನಾಲ್ಕು ಗಡಿಗಳ ವಿವರದಲ್ಲಿ, ಉತ್ತರಕ್ಕೆ ಸಿದ್ದಮ್ಮನ ತವರಿನವರ ಜಮೀನು ಎಂದಿದೆ. ಗದ್ದೆ ಕೊಂಡವನು ಸಣ್ಣ ಬಸಪ್ಪನೇ ಎಂದು ನಾನು ನಂಬಿರುವುದು ಈ ಒಂದು ಸಾಲಿನಿಂದ. ಹೆಳವರ ಪಟ್ಟಿಯೂ ಜಾಲತಾಣವೂ ಬಿಟ್ಟುಬಿಟ್ಟ ಇಬ್ಬರು ಹೆಂಗಸರೇ ಇಬ್ಬರು ಗಂಡಸರನ್ನು ಬಿಡಿಸಿಕೊಟ್ಟರು. ಅವರ ಹೆಸರು ಮೊದಲ ಸಲ ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಪತ್ರಗಳ ತೊಂದರೆ: ಕೆಲವು ಮೋಡಿ ಅಕ್ಷರದಲ್ಲಿವೆ (ಕೂಡಿಸಿ ವೇಗವಾಗಿ ಬರೆಯುವ ಹಳೇ ಬರಹ). ಶ್ಯಾನುಭೋಗರ ಮನೆಯ ಹಿರಿಯರೊಬ್ಬರು ಓದಿಕೊಟ್ಟರು. ಸರ್ಕಾರದ ‘ಭೂಮಿ’ ತಂತ್ರಾಂಶದಲ್ಲಿ 2000ದಿಂದೀಚಿನ ಪಹಣಿ ಸುಲಭ, ಅದಕ್ಕೂ ಹಿಂದಿನದಕ್ಕೆ ನಾನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಅಲೆಯಬೇಕಾಯಿತು.

ಸಿಕ್ಕಿದ್ದನ್ನು ಕೂಡಿಡಲು ಗ್ರಾಂಪ್ಸ್ ಎಂಬ ವಂಶವೃಕ್ಷ ತಂತ್ರಾಂಶ ಸಾಕು. ಉಚಿತ, ಕನ್ನಡದಲ್ಲಿ ಬರೆಯಬಹುದು, ಪ್ರತಿಯೊಬ್ಬರಿಗೂ ಬೇರೆ ಸಂಖ್ಯೆ ಕೊಡುತ್ತದೆ. ಸಂವತ್ಸರವನ್ನು ಮಾತ್ರ ಟಿಪ್ಪಣಿಯಾಗಿ ಬರೆದುಕೊಳ್ಳಬೇಕು.

ನನಗೆ ಕಾಗದ ನೋಡುತ್ತಾ ಕೂರುವ ಅಭ್ಯಾಸವಿದೆ, ಖರ್ಚು ಮಾಡಲು ನಕಲಿನ ಶುಲ್ಕ ಮತ್ತು ಬಸ್ ಚಾರ್ಜಿನಷ್ಟೇ ಇದೆ. ಹಾಗಾಗಿ ನನಗೆ ಪತ್ರಗಳೇ. ಹೆಳವರು ಊರಿಗೆ ಬಂದರೆ ಮಾತ್ರ ಖಂಡಿತ ಕೂರಿಸಿ ಕೇಳಿ, ಇಬ್ಬರಿದ್ದಾರೆಂಬ ಅನುಮಾನ ಮೊದಲು ಹುಟ್ಟುವುದು ಅಲ್ಲೇ. ಸ್ವಂತ ಜಮೀನಿಲ್ಲದ ಮನೆಯವರಿಗೆ ಕ್ರಯಪತ್ರ ಸಿಗುವುದಿಲ್ಲ. ಗೇಣಿ ಮಾಡಿದವರಾಗಿದ್ದರೆ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಉಳುವ ಜಮೀನಿನ ಹಕ್ಕು ಕೇಳಿ ಭೂನ್ಯಾಯ ಮಂಡಳಿಗೆ ಕೊಟ್ಟ ನಮೂನೆ 7ರ ಅರ್ಜಿ ಹುಡುಕಿ. ಅಮ್ಮನ ತವರಿನವರು ಗೇಣಿದಾರರೇ, ಅಲ್ಲಿಯೂ ಒಂದೇ ಹೆಸರಿನ ಇಬ್ಬರಿದ್ದಾರೆ. ನಕಲಿಗೆ ಅರ್ಜಿ ಹಾಕಿ ಬಂದಿದ್ದೇನೆ.