ಆಯಿಲ್ ನೀವೇ ತಗೊಂಡ್ಹೋಗಿ, ಪಕ್ಕದಲ್ಲೇ ನಿಂತ್ಕೊಳ್ಳಿ

ಮೈಸೂರಲ್ಲಿ ನಮ್ಮನೆ ಹತ್ರ ಇರೋ ಒಂದು ಗ್ಯಾರೇಜ್ ಬಗ್ಗೆ ಬರೀತಿದೀನಿ, ಹೆಸರು ಹೇಳಲ್ಲ, ಯಾಕಂದ್ರೆ ನಾನಿನ್ನೂ ಅಲ್ಲಿಗೇ ಹೋಗ್ಬೇಕು. 5ಕ್ಕೆ 3 ಸ್ಟಾರ್.

ನಂದು 2021ರ ಸ್ವಿಫ್ಟ್, ಪೆಟ್ರೋಲು. ವಾರಂಟಿ ಮುಗೀತು, ಶೋರೂಮ್ ಬಿಲ್ ನೋಡಿದಾಗೆಲ್ಲ ಎದೆ ಧಸಕ್ ಅಂತಿತ್ತು, ಅದಕ್ಕೆ ಈ ಸಲ ಹೋದ ಸರ್ವೀಸಾಗಿ 10,000 ಕಿಲೋಮೀಟರ್ ಆಗ್ತಿದ್ದಂಗೆ ಇಂಜಿನ್ ಆಯಿಲ್ ಬದಲಾಯ್ಸೋದು, ಸರ್ವೀಸು ಎಲ್ಲ ಹೊರಗಡೆನೇ ಮಾಡ್ಸೋಣ ಅಂತ ಹೋದೆ. ಬಾನೆಟ್ ಎತ್ತಿದ ಹುಡುಗ ಡಿಪ್‌ಸ್ಟಿಕ್ (ಆಯಿಲ್ ಎಷ್ಟಿದೆ ಅಂತ ನೋಡೋ ಕಡ್ಡಿ) ಎಳ್ದು ಬೆರಳಲ್ಲಿ ಉಜ್ಜಿ ನೋಡಿ, "ನೀರಿದ್ದಂಗಿದೆ ಸಾರ್, ನಮ್ ಬಿಸ್ಲಿಗೆ ಇದೆಲ್ಲ ತಡ್ಯಲ್ಲ, 20ಡಬ್ಲ್ಯೂ40 ಹಾಕ್ಬಿಡ್ಲಾ, ಗಟ್ಟಿ ಇರತ್ತೆ" ಅಂದ. ಮೂಲೇಲಿ ಆ ಆಯಿಲಿನ ಡ್ರಮ್ಮು, ಅದ್ರ ಮೇಲೊಂದು ಮಗ್ಗು. ಬೇಡಪ್ಪಾ ಅಂತ ಡ್ಯಾಶ್‌ಬೋರ್ಡಿಂದ ಮ್ಯಾನುಯಲ್ ತೆಗ್ದು ತೋರಿಸ್ದೆ, 0ಡಬ್ಲ್ಯೂ16 ಅಂತ ಅಚ್ಚಾಗಿದೆ (ನಂಬರ್ ಕಮ್ಮಿ ಆದಷ್ಟೂ ಆಯಿಲ್ ತೆಳು), ನಾನು ತಂದಿದ್ದ ಡಬ್ಬಾನೂ ಅದೇ.

ಈ "ನಮ್ ಬಿಸ್ಲು" ಅನ್ನೋ ಮಾತು ಎಲ್ಲಾ ಗ್ಯಾರೇಜಲ್ಲೂ ಕೇಳ್ತೀರ. ಹೊರಗಡೆ ರಾಯಚೂರಿನ ಮೇ ತಿಂಗಳೇ ಇರ್ಲಿ ಮಡಿಕೇರಿ ಚಳಿನೇ ಇರ್ಲಿ, ಇಂಜಿನ್ ಬಿಸಿ ಆದ್ಮೇಲೆ ಥರ್ಮೋಸ್ಟಾಟು ಅನ್ನೋ ವಾಲ್ವು ಕೂಲಂಟನ್ನ, ಅಂದ್ರೆ ಇಂಜಿನ್ ತಂಪು ಮಾಡೋ ದ್ರವನ, 90 ಡಿಗ್ರಿ ಆಸುಪಾಸಲ್ಲೇ ಇಡತ್ತೆ. ಈಗಿನ ಇಂಜಿನ್ನಲ್ಲಿ ಸಂದುಗಳು ಕಿರಿದು, ವಾಲ್ವ್ ಟೈಮಿಂಗ್ (ಇಂಜಿನ್ ವಾಲ್ವ್‌ಗಳು ತೆಗ್ದು ಮುಚ್ಚೋ ಸಮಯ) ಬದಲಾಯ್ಸೋದೂ ಇದೇ ಆಯಿಲ್ ಪ್ರೆಶರಿಂದ, ತೆಳ್ಳಗಿರೋದಕ್ಕೇ ಲೆಕ್ಕ ಹಾಕಿ ಮಾಡಿರ್ತಾರೆ. ಗಟ್ಟಿ ಆಯಿಲ್ ಹಾಕಿದ್ರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಕ್ಕೆ ಹತ್ತೋದು ನಿಧಾನ, ಮೈಲೇಜೂ ಸ್ವಲ್ಪ ಕಮ್ಮಿ. ನಮ್ಮಪ್ಪನ ಮಾರುತಿ 800ಗೆ 20ಡಬ್ಲ್ಯೂ40 ಸರಿ ಇತ್ತು, ಒಪ್ತೀನಿ.

ಅಷ್ಟರಲ್ಲಿ ಓನರ್ ಬಂದ್ರು, ಅವ್ರ ಕೆಲ್ಸ ಮಾತ್ರ ಬೊಂಬಾಟ್. ಇಂಜಿನ್ ಬೆಚ್ಚಗಿದ್ದಾಗ್ಲೇ ಕೆಳಗಿನ ಬೋಲ್ಟ್ ಬಿಚ್ಚಿ ಹಳೇ ಆಯಿಲಿನ ಕೊನೇ ಹನಿ ನಿಲ್ಲೋವರ್ಗೂ ಕಾದ್ರು, ಬೋಲ್ಟಿನ ವಾಷರ್ ಹೊಸ್ದು ಹಾಕಿದ್ರು, ಹೊಸ ಫಿಲ್ಟರಿನ ರಬ್ಬರಿಗೆ ಬೆರಳಲ್ಲಿ ಆಯಿಲ್ ಸವರಿ ಕೈಯಲ್ಲೇ ತಿರುಗ್ಸಿದ್ರು. ಮೂರು ಲೀಟರ್ ಸುರ್ದು, ಒಂದು ನಿಮಿಷ ಓಡ್ಸಿ ಆಫ್ ಮಾಡಿ, ಟೀ ಕುಡ್ದು ಬಂದು ಡಿಪ್‌ಸ್ಟಿಕ್ ನೋಡ್ಕೊಂಡು ಆಮೇಲೆ ಚೂರ್ಚೂರೇ ಹಾಕಿದ್ರು, ಜಾಸ್ತಿ ಆದ್ರೆ ನೊರೆ ಬರತ್ತೆ ಅಂತ. ಬ್ರೇಕ್ ಆಯಿಲ್ ಹಾಕೋವಾಗ್ಲೂ ಅಷ್ಟೇ, ಶೆಲ್ಫಲ್ಲಿ ಅರ್ಧ ಖಾಲಿ ಆಗಿದ್ದ ಬಾಟ್ಲು ಮುಟ್ಲಿಲ್ಲ, "ಓಪನ್ ಆಗಿದ್ದು ಗಾಳೀಲಿರೋ ತೇವ ಎಳ್ಕೊಂಡಿರತ್ತೆ" ಅಂತ ಸೀಲ್ ಇರೋ ಹೊಸ ಬಾಟ್ಲು ತರ್ಸಿದ್ರು.

ಇಷ್ಟೆಲ್ಲ ಆಗಿ ನಾನು ಫೋನ್ ಮಾತಾಡ್ತಾ ಎರಡು ನಿಮಿಷ ಆಚೆ ಹೋಗಿ ಬರೋಷ್ಟರಲ್ಲಿ ಆ ಹುಡುಗ ಕೂಲಂಟ್ ಕಮ್ಮಿ ಇದೆ ಅಂತ ಬೋರ್ ನೀರಿನ ಜಗ್ಗು ಹಿಡ್ಕೊಂಡು ನಿಂತಿದ್ದ ಮಾರಾಯ್ರೆ! ಮನೇಲಿ ಗೀಸರ್ ಕಾಯ್ಲ್ ಮೇಲೆ ಕೂರೋ ಬಿಳೀ ಪದರ ರೇಡಿಯೇಟರಲ್ಲೂ ಕೂರತ್ತೆ. ತಡೆದೆ. ಆಮೇಲೆ "ಬಣ್ಣ ಒಂದೇ ಅಲ್ವಾ" ಅಂತ ಯಾವ್ದೋ ನೀಲಿ ಬಾಟ್ಲು ತಂದ, ಬಣ್ಣ ಅನ್ನೋದು ಬರೀ ಡೈ ಕಣಪ್ಪ, ಒಳಗಿನ ಕೆಮಿಕಲ್ ಬೇರೆ ಇರ್ಬೋದು ಅಂತ ಹೇಳಿ ಕಂಪನಿದೇ ತರ್ಸಿದೆ. ಇಂಜಿನ್ ಫ್ಲಶ್ಶೂ (ಕೆಮಿಕಲ್ ಹಾಕಿ ಒಳಗೆಲ್ಲ ತೊಳ್ಯೋದು) ಮಾಡ್ಸಿ ಅಂದ, ಟೈಮಿಗೆ ಸರಿಯಾಗಿ ಆಯಿಲ್ ಬದಲಾಯ್ಸೋ ಗಾಡಿಗೆ ಅದ್ಯಾಕೆ.

ಕೂಲಿ ₹350 ತಗೊಂಡ್ರು. ಹೋಗೋರು ಬೆಳಗ್ಗೆ 11ರ ಒಳಗೆ ಹೋಗಿ, ಆಮೇಲೆ ಓನರ್ ಸ್ಪೇರ್ ಪಾರ್ಟ್ಸ್ ತರಕ್ಕೆ ಹೋಗ್ತಾರೆ, ಅಲ್ಲಿ ಉಳಿಯೋದು ಆ ಹುಡುಗ ಮತ್ತೆ ಆ ಡ್ರಮ್ಮು.