ಹಿನ್ನೀರಿಗೆ ಯಾವುದು: ಬಿದಿರಿನ ಹರಿಗೋಲು, ಫೈಬರ್ ಹರಿಗೋಲು, ಪ್ಲೈವುಡ್ ದೋಣಿ?

ಬಾಗಲಕೋಟೆ ಕಡೆ ಆಲಮಟ್ಟಿ ಹಿನ್ನೀರಿನಲ್ಲಿ ಬಾತುಗಳ ಫೋಟೊ ತೆಗೆಯಲು ಯಾವುದು ಮಾಡಿಸಲಿ ಎಂದು ಕೇಳಿದ್ದೀರಿ.

ಅಗ್ಗ ಬಿದಿರಿನದೇ. ಸೀಳಿದ ಬಿದಿರು ಹೆಣೆದು, ಹೊರಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಡಾಂಬರು ಬಳಿಯುತ್ತಾರೆ. ಮೀನುಗಾರರ ಹತ್ತಿರವೇ ಕಲಿಯಬಹುದು. ಒಬ್ಬರೇ ಹೊತ್ತೊಯ್ಯಬಹುದು. ಆದರೆ ನೀರಿಳಿದಾಗ ಮೇಲೇಳುವ ಜಾಲಿ ಮೋಟುಗಳು ಹಾಳೆಯನ್ನು ಸೀಳುತ್ತವೆ. ಬಳಸಿದ ಮೇಲೆ ಬೋರಲು ಹಾಕಿ ಒಣಗಿಸದಿದ್ದರೆ ಬಿದಿರು ಕೊಳೆಯುತ್ತದೆ. ಅಪರೂಪಕ್ಕೆ ಇಳಿಯುವವರಿಗೆ ಇದೇ ಸಾಕು. ಸದಾ ನೀರಲ್ಲೇ ಬಿಡುವುದಾದರೆ ಫೈಬರ್. ಹಣ ಹೆಚ್ಚು, ತಾಪತ್ರಯ ಕಡಿಮೆ.

ದುಂಡನೆಯ ಎರಡೂ ಗಾಳಿಗೆ ತಿರುಗುತ್ತವೆ, ಲೆನ್ಸ್ ನಿಲ್ಲುವುದಿಲ್ಲ. ಟ್ರೈಪಾಡ್ ಇಡುವವರಿಗೆ ಚಪ್ಪಟೆ ತಳದ ಪ್ಲೈವುಡ್ ದೋಣಿಯೇ ಸರಿ. ಮರೈನ್ ಪ್ಲೈ (ನೀರು ತಾಳುವ ಅಂಟಿನ ಪ್ಲೈವುಡ್) ತನ್ನಿ, ಕತ್ತರಿಸಿದ ಅಂಚುಗಳಿಗೆ ಎಪಾಕ್ಸಿ (ಬೆರೆಸಿ ಹಚ್ಚಿದರೆ ಗಟ್ಟಿಯಾಗುವ ಅಂಟು) ಕುಡಿಸಿ. ನೀರು ಒಳನುಗ್ಗುವುದು ಅಲ್ಲಿಂದಲೇ.

ಯಾವುದೇ ಆಗಲಿ, ಲೈಫ್ ಜಾಕೆಟ್ ಬಿಡಬೇಡಿ. ಕೂತ ಹಿಂಡಿನತ್ತ ದೋಣಿ ನುಗ್ಗಿಸಬೇಡಿ.